ಹೈಬ್ರಿಡ್ ಕಾರು: ನಾನು ಹಾಕಿದ ಲೆಕ್ಕ

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್ 2022ರಲ್ಲಿ ಬಂತು. ಅದರ ಹೈಬ್ರಿಡ್ ಗಾಡಿಗೆ ವೈರ್ ಸಿಕ್ಕಿಸಿ ಚಾರ್ಜ್ ಮಾಡೋ ಕೆಲಸ ಇಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಲ್ಲಿ ಬ್ಯಾಟರಿ ತಾನೇ ತುಂಬಿಕೊಳ್ಳುತ್ತೆ. ಹಾಗಾಗಿ ನಿಂತು ನಿಂತು ಹೋಗುವ ಪೇಟೆ ಓಡಾಟಕ್ಕೆ ಲಾಭ ಜಾಸ್ತಿ, ಹೆದ್ದಾರಿಗೆ ಕಮ್ಮಿ. ಬ್ಯಾಟರಿ ಹಿಂದೆ ಇರೋದರಿಂದ ಡಿಕ್ಕಿ ಚಿಕ್ಕದು. ಶೇಂಗಾ ಚೀಲ ಹೇರುವವರು ಇದನ್ನ ಮೊದಲು ನೋಡಬೇಕು.

ಪೇಟೆಯಲ್ಲಿರುವ ನನ್ನ ಮಗ ದಿನಾ 30 ಕಿ.ಮೀ. ಓಡಾಡ್ತಾನೆ. ಹೊಲದ ಪತ್ರ ಇಟ್ಟು ಸಾಲ ಮಾಡೋಣ ಅಂದ. ಲೀಟರಿಗೆ 27.97 ಅನ್ನೋದು ಕಂಪನಿಯ ಪರೀಕ್ಷೆ ಅಂಕಿ. ರಸ್ತೆಯಲ್ಲಿ 20 ಅಂತಿಟ್ಟುಕೊಳ್ಳಿ, ಸಾದಾ ಪೆಟ್ರೋಲ್ ಗಾಡಿಗೆ 15. ದಿನಕ್ಕೆ ಅರ್ಧ ಲೀಟರ್ ಉಳೀತು, ಸುಮಾರು 50 ರೂಪಾಯಿ. ಬೆಲೆಯಲ್ಲಿ 3 ಲಕ್ಷ ಹೆಚ್ಚಾದರೆ ಅದು ಹುಟ್ಟೋಕೆ 16 ವರ್ಷ, ಬಡ್ಡಿ ಬೇರೆ! ಪತ್ರ ಕೊಡೋಲ್ಲ ಅಂದೆ. ದಿನಾ 100 ಕಿ.ಮೀ. ಓಡುವವರಿಗಾದರೆ ಐದೇ ವರ್ಷ.