ಶಾಹಿ ಜೀರಿಗೆ ಬಾರದ ಹಿತ್ತಲಿಗೆ ಸಬ್ಬಸಗಿ

ಬಿರ್ಯಾನಿಗೆ ಹಾಕುವ ಶಾಹಿ ಜೀರಿಗೆಯನ್ನು ಹಿತ್ತಲಲ್ಲೇ ಬೆಳೆಯಬಹುದೇ? 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಗೆ ಈ ಮಸಾಲೆ ಹೊಸದಲ್ಲ. ಆದರೆ ಸಿಂಧನೂರು ತಾಲೂಕಿನ ಮುಕ್ಕುಂದದಂಥ ಊರಲ್ಲಿ ಅದರ ಕಾಳು ಕಾಣುವ ಆಸೆ ಬಿಡುವುದೇ ಲೇಸು.

ಅಂಗಡಿಯಲ್ಲಿ ಈ ಹೆಸರಿನಲ್ಲಿ ಎರಡು ಬೇರೆ ಗಿಡಗಳ ಕಾಳು ಸಿಗುತ್ತದೆ. ಒಂದು ಕಾಶ್ಮೀರ, ಹಿಮಾಚಲದ ಎತ್ತರದಲ್ಲಿ ಗಡ್ಡೆಯಿಂದ ಚಿಗುರುವ ಕಾಲಾ ಜೀರಾ. ಇನ್ನೊಂದು ಯುರೋಪಿನವರು ಬ್ರೆಡ್ಡಿಗೆ ಹಾಕುವ ಕ್ಯಾರವೇ. ಎರಡಕ್ಕೂ ಗಟ್ಟಿ ಚಳಿ ಬೇಕು. ಕ್ಯಾರವೇ ಸಾಮಾನ್ಯವಾಗಿ ಮೊದಲ ವರ್ಷ ಬರೀ ಎಲೆ, ಬೇರು ಬೆಳೆಸಿ, ಚಳಿಗಾಲ ಕಳೆದ ಮೇಲೆ ಎರಡನೇ ವರ್ಷ ಹೂ ಬಿಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಅಷ್ಟು ದಿನ ಉಳಿಯುವ ಮಾತೇ ಇಲ್ಲ. ಹಟವಿದ್ದರೆ ನವೆಂಬರಿನಲ್ಲಿ ಕುಂಡದಲ್ಲಿ ಬಿತ್ತಿ, ಬಿಸಿಲು ಏರುವ ಮುಂಚೆ ಎಳೆ ಸೊಪ್ಪು ತಿಂದು ಮುಗಿಸಿ.

ಅದರ ಹತ್ತಿರದ ಬಳಗ ನಮ್ಮ ಸಂತೆಯಲ್ಲೇ ಕಟ್ಟು ಕಟ್ಟಾಗಿ ಕೂತಿರುತ್ತದೆ: ಸಬ್ಬಸಗಿ. ಕ್ಯಾರವೇಗೆ ಆ ಪರಿಮಳ ಕೊಡುವ ಕಾರ್ವೋನ್ ಎಂಬ ಅಂಶ ಸಬ್ಬಸಗಿಯ ಕಾಳಿನಲ್ಲೂ ಇದೆ. ಸೊಪ್ಪಿನ ವಾಸನೆ ಬೇರೆ, ಕಾಳಿನದು ಬೇರೆ. ನಾವು ಸೊಪ್ಪು ತಿಂದು ಕಾಳನ್ನು ಮರೆತಿದ್ದೇವೆ, ಅದೇ ನಷ್ಟ.

ಬಿತ್ತನೆಗೆ ದಸರಾ–ದೀಪಾವಳಿ ನಡುವಿನ ದಿನ ಸರಿ. ಎಡದಂಡೆ ಕಾಲುವೆ ನೀರು ನಿಂತ ಭತ್ತದ ಗದ್ದೆಯ ಪಕ್ಕದಲ್ಲಿ ಹಿತ್ತಲಿದ್ದರೆ ಎರಿ ಮಣ್ಣು ತೇವ ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಗೇಣೆತ್ತರದ ಮಡಿ ಕಟ್ಟಿ, ಕಳಿತ ತಿಪ್ಪೆಗೊಬ್ಬರ, ಸಿಕ್ಕರೆ ಒಂದಿಷ್ಟು ಮಸಾರಿ ಮಣ್ಣು ಬೆರೆಸಿ. ಸಸಿ ಕಿತ್ತು ನೆಡಬೇಡಿ. ತಾಯಿಬೇರು ಮುರಿದರೆ ಗಿಡ ಸೊರಗುತ್ತದೆ. ಸಾಲಿನಲ್ಲೇ ತೆಳ್ಳಗೆ ಉದುರಿಸಿ, ಅರ್ಧ ಇಂಚು ಮಣ್ಣು ಎಳೆದರೆ ಸಾಕು. ಹತ್ತು ದಿನದ ಆಸುಪಾಸು ಮೊಳಕೆ, ತಿಂಗಳು–ನಲವತ್ತು ದಿನಕ್ಕೆ ಸೊಪ್ಪು.

ಸೊಪ್ಪಿಗೆ ಪೂರಾ ಕೀಳದೆ ನಾಲ್ಕಾರು ಗಿಡ ಗೇಣಿಗೊಂದರಂತೆ ಬಿಡಿ. ಎದೆಮಟ್ಟಕ್ಕೆ ಬೆಳೆದು ಹಳದಿ ಹೂವಿನ ಕೊಡೆ ಬಿಚ್ಚುತ್ತವೆ. ಹೂ ತೆನೆಗೆ ಹೇನು ಹತ್ತಿದರೆ ನೀರು ರಭಸವಾಗಿ ಚಿಮ್ಮಿಸಿ. ತಿನ್ನುವ ಗಿಡಕ್ಕೆ ಹತ್ತಿಯ ಔಷಧಿ ಹೊಡೆಯುವ ಬುದ್ಧಿ ಬೇಡ. ಕಾಳು ಕಂದು ತಿರುಗಿದಾಗ ಬೆಳಗಿನ ಇಬ್ಬನಿ ಆರುವ ಮುಂಚೆ ಕೊಯ್ಯಿರಿ. ಮಧ್ಯಾಹ್ನ ಮುಟ್ಟಿದರೆ ಅರ್ಧ ನೆಲದ ಪಾಲು. ತೆನೆಗಳನ್ನು ಬಟ್ಟೆಯಲ್ಲಿ ಸಡಿಲಾಗಿ ಕಟ್ಟಿ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಕಾಳು ತಾನೇ ಉದುರುತ್ತದೆ. ಚಪ್ಪಟೆ, ಅಂಚಿಗೆ ತೆಳು ರೆಕ್ಕೆ. ಅಂಗೈಯಲ್ಲಿ ಉಜ್ಜಿದರೆ ಶಾಹಿ ಜೀರಿಗೆಯ ನೆನಪಾಗುತ್ತದೆ.

ನೆನೆಸಿದ ಹೆಸರುಬೇಳೆ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿದ ಸಬ್ಬಸಗಿ ಪಲ್ಯವನ್ನು ರೊಟ್ಟಿಗೆ ಹೇಗೆ ಮಾಡುವುದೆಂದು ಇಲ್ಲಿ ಯಾರಿಗೂ ಕಲಿಸಬೇಕಿಲ್ಲ. ಆದರೆ ಮುಂದಿನ ಸಲ ಒಗ್ಗರಣೆಗೆ ಅರ್ಧ ಚಮಚ ಕಾಳನ್ನೂ ಹಾಕಿ ನೋಡಿ, ಬೇಳೆ ಸಾರಿಗೂ ಮಜ್ಜಿಗೆಗೂ ಹೊಂದುತ್ತದೆ. ಎಣ್ಣೆ ತೀರಾ ಕಾದಿದ್ದರೆ ಕಹಿಯಾಗುತ್ತದೆ.

ಬಿತ್ತನೆಗೆ ಇಡುವ ಕಾಳನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ವರ್ಷ ಬರೆಯಿರಿ. ಹಳೆಯದಾದಷ್ಟೂ ಮೊಳಕೆ ಕಡಿಮೆ.