ಸರ್ಕಾರಿ ವೈದ್ಯರ ನೇಮಕವೂ ಸಕ್ರಮವೂ

ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ವೈದ್ಯರ ಸ್ಥಾನ ತೆರವಾದರೆ, ರೋಗಿಗಳು ಹೊಸ ನೇಮಕದ ಪ್ರಕಟಣೆಗಾಗಿ ಕಾದಿರಲಾರರು. ಆದಕಾರಣ ತಾತ್ಕಾಲಿಕವಾಗಿಯೋ ಗುತ್ತಿಗೆಯ ಮೇಲೆಯೋ ವೈದ್ಯರನ್ನು ತೆಗೆದುಕೊಳ್ಳುವ ಪದ್ಧತಿ ರಾಜ್ಯದಲ್ಲಿ ಬೆಳೆಯಿತು. ಹೀಗೆ ಬಂದವರು ಹಲವು ವರ್ಷ ದುಡಿದು ಕಾಯಂ ಸ್ಥಾನವನ್ನು ಬೇಡಿದಾಗ ಉಂಟಾಗುವ ವ್ಯಾಜ್ಯದ ತಿರುಳನ್ನು ಇಲ್ಲಿ ವಿವೇಚಿಸುತ್ತೇವೆ.

ಇಲ್ಲಿ ಎರಡು ನ್ಯಾಯಗಳು ಎದುರುಬದುರಾಗಿವೆ. ದುಡಿದವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಒಂದು. ಪ್ರಕಟಣೆಯೇ ಇಲ್ಲದುದರಿಂದ ಅರ್ಜಿ ಹಾಕಲಾರದೆ ಹೋದ, ಅಷ್ಟೇ ಅರ್ಹತೆಯುಳ್ಳ ಮತ್ತೊಬ್ಬ ವೈದ್ಯನಿಗೂ ಸಂವಿಧಾನದ 14 ಮತ್ತು 16ನೆಯ ಅನುಚ್ಛೇದಗಳು ಸಮಾನಾವಕಾಶವನ್ನು ಕೊಟ್ಟಿವೆಯೆಂಬುದು ಇನ್ನೊಂದು.

ಸಕ್ರಮಗೊಳಿಸುವುದೇ ನೇಮಕದ ಒಂದು ವಿಧಾನವಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು ನಂಜುಂಡಪ್ಪ ಮೊಕದ್ದಮೆಯಲ್ಲಿ ಹೇಳಿತು. ಆದರೂ 1987ರಲ್ಲಿ ಎ. ಕೆ. ಜೈನ್ ಮೊಕದ್ದಮೆಯಲ್ಲಿ, ರೈಲ್ವೆಯ ತಾತ್ಕಾಲಿಕ ವೈದ್ಯರ ಪೈಕಿ 1984ರ ಅಕ್ಟೋಬರ್ 1ರವರೆಗೆ ನೇಮಕಗೊಂಡವರನ್ನು, ಲೋಕಸೇವಾ ಆಯೋಗದೊಡನೆ ಸಮಾಲೋಚಿಸಿ, ಅವರ ಕೆಲಸವನ್ನೂ ನಡತೆಯನ್ನೂ ಪರಿಶೀಲಿಸಿ ಸಕ್ರಮಗೊಳಿಸುವಂತೆ ಅದೇ ನ್ಯಾಯಾಲಯವು ಆಜ್ಞಾಪಿಸಿತು.

ಈ ಎರಡು ಧೋರಣೆಗಳಿಗೆ ಎಲ್ಲೆ ಗೊತ್ತುಮಾಡಿದುದು ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆ. ಅದರ ಮೂಲ ವೈದ್ಯರಲ್ಲ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರು. 2006ರ ಏಪ್ರಿಲ್ 10ರಂದು ಐವರು ನ್ಯಾಯಾಧೀಶರ ಪೀಠವು, ದೀರ್ಘಸೇವೆಯೊಂದರಿಂದಲೇ ಕಾಯಂ ಹಕ್ಕು ಹುಟ್ಟದೆಂದು ನಿರ್ಣಯಿಸಿತು. ಆದರೆ ಮಂಜೂರಾದ ಹುದ್ದೆಯಲ್ಲಿ, ತಕ್ಕ ವಿದ್ಯಾರ್ಹತೆಯೊಡನೆ, ನ್ಯಾಯಾಲಯದ ಆಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರ ವಿಷಯವನ್ನು ಒಮ್ಮೆ ಮಾತ್ರ ಪರಿಶೀಲಿಸಬಹುದೆಂದಿತು. ಅರ್ಹತೆಯಿಲ್ಲದ ಅಥವಾ ಮಂಜೂರಾಗದ ಹುದ್ದೆಯ ನೇಮಕ ಕಾನೂನುಬಾಹಿರ. ಇವೆರಡೂ ಇದ್ದು ಬಹಿರಂಗ ಆಯ್ಕೆಯೊಂದೇ ನಡೆಯದಿದ್ದರೆ ಅದು ಕ್ರಮಲೋಪವೆಂದು 2010ರ ಕೇಸರಿ ಮೊಕದ್ದಮೆ ವಿವರಿಸಿತು. ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕುವ ನೆಪವಾಗಿ ಬಳಸಬಾರದೆಂದು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಮೊಕದ್ದಮೆ ಎಚ್ಚರಿಸಿತು.

ಈ ನಡುವೆ, 2020ರ ಜುಲೈನಲ್ಲಿ, ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿಯೇ ಕರ್ನಾಟಕದ 500ಕ್ಕೂ ಹೆಚ್ಚು ಗುತ್ತಿಗೆ ವೈದ್ಯರು ಕಾಯಂ ಸ್ಥಾನಕ್ಕಾಗಿ ರಾಜೀನಾಮೆಗೆ ಮುಂದಾದರು.

ಇಂಥ ಮೊಕದ್ದಮೆಯನ್ನು ಓದುವಾಗ ವಿದ್ಯಾರ್ಥಿಗಳು ಸೇವೆಯ ವರ್ಷಗಳನ್ನಷ್ಟೇ ಎಣಿಸದೆ, ಹುದ್ದೆ ಮಂಜೂರಾಗಿತ್ತೆ, ಅರ್ಹತೆಯಿತ್ತೆ, ಆಯ್ಕೆ ಎಲ್ಲರಿಗೂ ತೆರೆದಿತ್ತೆ ಎಂದು ಕೇಳಬೇಕು. ಸಕಾಲದಲ್ಲಿ ನಿಯಮಾನುಸಾರ ನೇಮಕ ನಡೆದಲ್ಲಿ ದುಡಿದವನಿಗೂ ಹೊರಗುಳಿದವನಿಗೂ ಅನ್ಯಾಯವಾಗದು. ತಾಲ್ಲೂಕಿನ ರೋಗಿಗೂ ವೈದ್ಯರು ತಪ್ಪರು. ಈ ವ್ಯಾಜ್ಯಗಳ ಬೇರು ನ್ಯಾಯಾಲಯದಲ್ಲಿಲ್ಲ, ವರ್ಷಗಟ್ಟಲೆ ತುಂಬದೆ ಬಿಟ್ಟ ಹುದ್ದೆಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.