ಕಣ್ಣೊಳಗೆ ಇಣುಕಿದರೆ ಮಿದುಳು!

ಯಂತ್ರದ ಪಟ್ಟಿಯ ಮೇಲೆ ಗಲ್ಲ ಊರಿ, ಎದುರಿನ ಚುಕ್ಕಿಯನ್ನು ದಿಟ್ಟಿಸಬೇಕು. ಅಷ್ಟೇ! ಸೂಜಿಯಿಲ್ಲ, ನೋವಿಲ್ಲ, ಎಂ.ಆರ್.ಐ. ಸುರಂಗದ ಗದ್ದಲವಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪರದೆಯ ಮೇಲೆ ಪದರಪದರವಾಗಿ ಮೂಡುವುದು ಏನು ಗೊತ್ತೇ? ನಮ್ಮ ಮಿದುಳಿನದೇ ಒಂದು ತುಣುಕು!

ಇದು ಉತ್ಪ್ರೇಕ್ಷೆಯಲ್ಲ. ಭ್ರೂಣದ ಮಿದುಳಿನ ಒಂದು ಭಾಗವೇ ಹೊರಚಾಚಿ ಅಕ್ಷಿಪಟಲ, ಅಂದರೆ ರೆಟಿನಾ ಆಗುತ್ತದೆ. ವಿರಾಜಪೇಟೆಯಿಂದ ಮೈಸೂರಿಗೋ ಮಂಗಳೂರಿಗೋ ಹೋಗಿ, ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟಿದೆಯೇ ಎಂದು ‘ಓಸಿಟಿ’ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಮಾಡಿಸಿಕೊಂಡವರು ಈ ಯಂತ್ರದ ಮುಂದೆ ಕೂತಿರುತ್ತಾರೆ. ಅದೇ ಯಂತ್ರ ಈಗ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಗುಟ್ಟನ್ನೂ ಬಿಚ್ಚುತ್ತಿದೆ.

ಈ ರೋಗದಲ್ಲಿ ದೇಹದ ಕಾವಲುಪಡೆಯೇ ದಾರಿತಪ್ಪುತ್ತದೆ. ಮಿದುಳು, ಬೆನ್ನುಹುರಿ, ದೃಷ್ಟಿನರಗಳಲ್ಲಿನ ತಂತುಗಳನ್ನು ಸುತ್ತಿಕೊಂಡ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಮೇಲೆ ಎರಗುತ್ತದೆ. ಕೈಕಾಲು ಜೋಮುಗಟ್ಟುತ್ತವೆ, ನಡಿಗೆ ತಪ್ಪುತ್ತದೆ, ದೃಷ್ಟಿ ಮಂಜಾಗುತ್ತದೆ. ಹೊದಿಕೆ ಕಳಚಿದ ತಂತು ಕೊನೆಗೆ ಸತ್ತೇ ಹೋಗಬಹುದು. ತಲೆಬುರುಡೆಯೊಳಗಿನ ಆ ನಷ್ಟವನ್ನು ಅಳೆಯುವುದು ಹೇಗೆ?

ಇಲ್ಲಿದೆ ನೋಡಿ ಬೆರಗು! ಪ್ರತಿ ಕಣ್ಣಿನಿಂದ ಮಿದುಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ನರತಂತುಗಳು ಹೊರಡುತ್ತವೆ. ಅಕ್ಷಿಪಟಲದ ಮೇಲೆ ಹರಿಯುವಷ್ಟು ದೂರ ಅವಕ್ಕೆ ಮಯಲಿನ್ ಇರುವುದಿಲ್ಲ. ಬೆಳಕು ಅವನ್ನು ದಾಟಿಯೇ ಹಿಂದಿನ ಗ್ರಾಹಕ ಕೋಶಗಳನ್ನು ಮುಟ್ಟಬೇಕು. ಬಿಳಿಯ ಹೊದಿಕೆ ಇದ್ದಿದ್ದರೆ ನೋಟಕ್ಕೇ ಅಡ್ಡಿ. ಕಣ್ಣುಗುಡ್ಡೆ ದಾಟಿದ ಮೇಲಷ್ಟೇ ಹೊದಿಕೆ. ಹಾಗಾಗಿ ಇಲ್ಲಿ ಪದರ ತೆಳುವಾಯಿತೆಂದರೆ ಸವೆದದ್ದು ಹೊದಿಕೆಯಲ್ಲ, ತಂತುವೇ! ನಾವು ಹೊರಗನ್ನು ನೋಡಲೆಂದು ಇರುವ ಪಾರದರ್ಶಕತೆಯೇ ನಮ್ಮ ಒಳಗನ್ನೂ ತೋರಿಸಿಕೊಟ್ಟಿತು.

1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಜಗತ್ತಿಗೆ ತಿಳಿಸಿದರು. 1974ರಲ್ಲಿ ಫ್ರಿಸೆನ್ ಮತ್ತು ಹಾಯ್ಟ್ ಎಂಬ ವೈದ್ಯರು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ತಂತು ಪದರ ಸವೆದಿರುವುದನ್ನು ಕಂಡರು, ದೃಷ್ಟಿಯ ದೂರೇ ಇಲ್ಲದವರಲ್ಲೂ! ಆದರೆ ಅಳೆಯುವುದಕ್ಕೆ 1991 ಬರಬೇಕಾಯಿತು. ಆ ವರ್ಷ ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫ್ಯೂಜಿಮೊಟೊ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಓಸಿಟಿಯನ್ನು ಪರಿಚಯಿಸಿದರು.

ತಡಿಯಂಡಮೋಳಿನ ತಪ್ಪಲಲ್ಲಿ ಕೂಗು ಹಾಕಿ, ಮಾರ್ದನಿಗೆ ಹಿಡಿದ ಹೊತ್ತಿನಿಂದ ಎದುರು ಗುಡ್ಡದ ದೂರ ಲೆಕ್ಕಹಾಕಬಹುದಲ್ಲ? ಓಸಿಟಿ ಅದನ್ನು ಬೆಳಕಿನಿಂದ ಮಾಡುತ್ತದೆ. ಆದರೆ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ! ಅದರ ಮಾರ್ದನಿಯ ಹೊತ್ತನ್ನು ನೇರವಾಗಿ ಅಳೆಯಲಾಗದು. ಅದಕ್ಕೇ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಕಣ್ಣಿಗೂ ಇನ್ನೊಂದನ್ನು ಕನ್ನಡಿಗೂ ಕಳಿಸಿ, ಮರಳಿದ ಅಲೆಗಳು ಬೆರೆಯುವ ರೀತಿಯಿಂದ ಆಳವನ್ನು ಓದುತ್ತಾರೆ. ಆರೋಗ್ಯವಂತರಲ್ಲಿ ದೃಷ್ಟಿನರದ ಸುತ್ತಲಿನ ತಂತು ಪದರ ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದರಲ್ಲಿ ಕೆಲವೇ ಮೈಕ್ರಾನ್ ಕರಗಿದರೂ ಯಂತ್ರಕ್ಕೆ ಗೊತ್ತಾಗುತ್ತದೆ!

ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರಿದರೆ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಮತ್ತು ತಂಡ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ದಾಖಲಾತಿಯನ್ನೇ ಕಟ್ಟಿದೆ. ಈ ರೋಗ ಶೀತದೇಶದವರದು ಎಂದುಕೊಂಡಿದ್ದೆವಲ್ಲ? ಮಂಗಳೂರು ನಗರದಲ್ಲೇ ಲಕ್ಷಕ್ಕೆ ಸುಮಾರು 8 ಮಂದಿಗೆ ಇದೆ ಎಂದು 2014ರಲ್ಲಿ ಅವರ ಅಧ್ಯಯನ ತೋರಿಸಿತು. ಇದರ ಸೋದರನಂತೆ ಕಾಣುವ ನ್ಯೂರೋಮಯಲೈಟಿಸ್ ಆಪ್ಟಿಕಾ ರೋಗದ ಚಿಕಿತ್ಸೆಯೇ ಬೇರೆ. ಅದರ ಒಂದೇ ದಾಳಿ ತಂತು ಪದರವನ್ನು ಇನ್ನೂ ಹೆಚ್ಚು ಸವೆಸಬಲ್ಲದು. ಆ ರೋಗದ ಅಂತರರಾಷ್ಟ್ರೀಯ ಓಸಿಟಿ ಅಧ್ಯಯನದಲ್ಲಿ ಮಂಗಳೂರಿನ ಕಣ್ಣುಗಳೂ ಸೇರಿವೆ!

ಮಲ್ಟಿಪಲ್ ಸ್ಕ್ಲೆರೋಸಿಸ್ ಪತ್ತೆಯ ಜಾಗತಿಕ ಮಾನದಂಡವನ್ನು 2024ರಲ್ಲಿ ಪರಿಷ್ಕರಿಸಿದಾಗ, ರೋಗದ ಗುರುತು ಹುಡುಕುವ ನೆಲೆಗಳ ಪಟ್ಟಿಗೆ ಐದನೆಯದಾಗಿ ದೃಷ್ಟಿನರ ಸೇರಿತು. ಅದಕ್ಕೆ ಓಸಿಟಿಯೂ ಸಾಕ್ಷಿಯಾಯಿತು. ಗ್ಲಾಕೋಮಾದಲ್ಲೂ ಪದರ ತೆಳುವಾಗುವುದರಿಂದ ಯಂತ್ರವೊಂದೇ ತೀರ್ಪು ಕೊಡುವುದಿಲ್ಲ, ಎಂ.ಆರ್.ಐ.ಯೂ ನರತಜ್ಞರೂ ಬೇಕೇ ಬೇಕು.

ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಚ್ಚಾಗಿ ಹಿಡಿಯುವುದು 20ರಿಂದ 40ರ ಹರೆಯದವರನ್ನು, ಅದರಲ್ಲೂ ಹೆಂಗಸರನ್ನು. ಕಣ್ಣು ಹೊರಳಿಸಿದಾಗ ನೋವಾಗಿ, ಹಣ್ಣಾದ ಕಾಫಿಯ ಕೆಂಪು ಒಂದೇ ಕಣ್ಣಿಗೆ ಮಾಸಿದಂತೆ ಕಂಡರೆ, ಕನ್ನಡಕದಂಗಡಿಗೆ ಹೋಗಿ ಸುಮ್ಮನಾಗಬೇಡಿ. ಕಣ್ಣಿನ ವೈದ್ಯರ ಬಳಿ ಕೂಡಲೇ ಹೋಗಿ. ಮಿದುಳಿನ ಸುದ್ದಿ ಮೊದಲು ಮುಟ್ಟುವುದು ಅವರಿಗೇ ಇರಬಹುದು!